ಕಥೆಗಳ ಲೆಕ್ಕ ಒಪ್ಪಿಸುವ ಮಾತು

(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಹಣದ ಲೆಕ್ಕವನ್ನು ಖಜಾಂಚಿಯವರು ಆಗಲೇ ಓದಿದ್ದಾರೆ. ನಮ್ಮದು ಬೇರೆ ಲೆಕ್ಕ. ಹಿರಿಯರ ಮನೆಗಳಿಗೆ ಹೋಗಿ ಅವರ ಕಾಲದ ಕಥೆ ಕೇಳುವ, ಕೇಳಿದ್ದನ್ನು ಮಕ್ಕಳ ಬಾಯಿಂದ ಮತ್ತೆ ಹೇಳಿಸುವ ಕೆಲಸವನ್ನು ಕೊರೊನಾಕ್ಕೆ ಮುಂಚೆ ನಾವು ಮೂವರು ಸೇರಿ ಶುರು ಮಾಡಿದ್ದೆವು. ಈ ವರ್ಷಕ್ಕೆ ಅದನ್ನು ನಿಲ್ಲಿಸುತ್ತಿದ್ದೇವೆ. ಏಕೆ ನಿಲ್ಲಿಸುತ್ತಿದ್ದೇವೆ, ಕೂಡಿಟ್ಟ ಕಥೆಗಳು ಏನಾಗುತ್ತವೆ ಎಂದು ಹೇಳಿ ಹೋಗುವುದು ನಮ್ಮ ಹೊಣೆ.

ಮಕ್ಕಳಿಗೆ ನಾವು ಮೊದಲು ಹೇಳಿದ್ದು ಬಸ್ರೂರಿನ ಕಥೆ. ಮೊರೊಕ್ಕೊದ ಇಬ್ನ್ ಬತೂತ 1340ರ ದಶಕದಲ್ಲಿ ನಮ್ಮ ಕರಾವಳಿಯಲ್ಲಿ ಹಾದುಹೋದವನು. ಅವನು ಅಬೂ ಸರೂರ್ ಎಂದು ಕರೆದ ಊರು ನಮ್ಮ ಬಸ್ರೂರು, ಫಾಕನೂರ್ ಎಂದದ್ದು ಬಾರ್ಕೂರು ಎಂದು ವಿದ್ವಾಂಸರು ಗುರುತಿಸಿದ್ದಾರೆ. ಬಾರ್ಕೂರಿನಲ್ಲಿ ಅವನಿಗೆ ನೆನಪುಳಿದದ್ದು ಕಬ್ಬು. ಬಸ್ರೂರಿನಲ್ಲಿ ದೊಡ್ಡ ಅಳಿವೆ, ತೆಂಗಿನ ಮರಗಳು, ಮತ್ತೆ ಒಬ್ಬ ಮನುಷ್ಯ: ಅಲ್ಲಿನ ಮುಸ್ಲಿಮರ ಮುಖಂಡ ಶೇಖ್ ಜುಮಾ. ಅಬೂ ಸಿತ್ತ ಎಂದು ಅವರನ್ನು ಕರೆಯುತ್ತಿದ್ದರಂತೆ. ಬಡವರಿಗೆ, ಗತಿಯಿಲ್ಲದವರಿಗೆ ಕೊಟ್ಟು ಕೊಟ್ಟು ಇದ್ದ ಆಸ್ತಿಯನ್ನೆಲ್ಲ ಮುಗಿಸಿಕೊಂಡವರು. (ಇಲ್ಲಿರುವ ದಾನಿಗಳು ಗಾಬರಿಯಾಗಬೇಡಿ, ಟ್ರಸ್ಟ್ ಅಷ್ಟನ್ನು ಕೇಳುವುದಿಲ್ಲ.) ಇಬ್ನ್ ಬತೂತ ತನ್ನ ದೇಶಕ್ಕೆ ಮರಳಿದ ಮೇಲೆ ಇದನ್ನೆಲ್ಲ ಬಾಯಲ್ಲಿ ಹೇಳಿದ, ಇಬ್ನ್ ಜುಝಯ್ ಎಂಬವನು ಬರೆದುಕೊಂಡ. 1355ರಲ್ಲಿ ಆ ಹೇಳಿಕೆ ಮುಗಿಯಿತು. ಒಬ್ಬ ಹೇಳಿ ಇನ್ನೊಬ್ಬ ಬರೆದಿದ್ದರಿಂದ ನಮ್ಮೂರಿನ ಒಬ್ಬರ ಹೆಸರು ಇಷ್ಟು ಕಾಲ ಉಳಿಯಿತು.

ಕಥೆ ಕೇಳಿದ ಒಬ್ಬ ಹುಡುಗಿ, "ಕೊಟ್ಟವರ ಹೆಸರು ಗೊತ್ತಾಯ್ತು, ತಗೊಂಡವರದ್ದು?" ಎಂದು ಕೇಳಿದಳು. ಪುಸ್ತಕದಲ್ಲಿ ಅದಿಲ್ಲ. ಅವರ ಮಾತನ್ನು ಯಾರೂ ಕೇಳಲಿಲ್ಲವೋ, ಮರ್ಯಾದೆಯಿಂದ ಹೆಸರು ಬಿಟ್ಟರೋ ತಿಳಿಯದು. ಅಂದಿನಿಂದ ನಮ್ಮ ಕೆಲಸವೆಲ್ಲ ಈ ಎರಡರ ನಡುವೆಯೇ ನಡೆಯಿತು.

ಕೆಲವು ದಾನಿಗಳು ಒಳ್ಳೆಯ ಮನಸ್ಸಿನಿಂದಲೇ ಒಂದು ಸಲಹೆ ಕೊಟ್ಟರು. ಸಹಾಯ ಪಡೆದ ಮಕ್ಕಳ ಕಷ್ಟದ ಕಥೆಯನ್ನು ಫೋಟೊ ಸಮೇತ ವರದಿಯಲ್ಲಿ ಹಾಕಿದರೆ ಇನ್ನಷ್ಟು ಹಣ ಬರುತ್ತದೆ ಎಂದು. ಬರಬಹುದು. ಆದರೂ ಮೊದಲ ದಿನವೇ ನಾವು ಒಂದು ಗೆರೆ ಎಳೆದಿದ್ದೆವು: ವಿದ್ಯಾರ್ಥಿವೇತನದ ಅರ್ಜಿ ಬೇರೆ, ಕಥೆ ಬೇರೆ. ಕಂಡ್ಲೂರು ಕಡೆಯ ಒಂದು ಮನೆಗೆ ಹೋದಾಗ ಆ ತಾಯಿ ಚಹಾಕ್ಕಿಂತ ಮೊದಲು ಪ್ಲಾಸ್ಟಿಕ್ ಕವರಿನಲ್ಲಿದ್ದ ರೇಷನ್ ಕಾರ್ಡ್, ಆದಾಯ ಪತ್ರ, ಅಂಕಪಟ್ಟಿ ತಂದು ನಮ್ಮ ಮುಂದಿಟ್ಟರು. "ಎಲ್ಲಾ ಅರ್ಜಿಯಂಗೇ ಬರ್ದಿತ್ತಲ್ದಾ ಮರ್ರೆ, ಇನ್ನೆಂತ ಹೇಳೂದ್?" ಎಂದರು. ಅದಕ್ಕಲ್ಲ ಬಂದದ್ದು, ನಿಮ್ಮ ಅಜ್ಜಿ ಮಲಗುವಾಗ ಹೇಳುತ್ತಿದ್ದ ಕಥೆ ಬೇಕು ಎಂದೆವು. ಅವರು ತುಂಬ ಹೊತ್ತು ನಕ್ಕರು. ಆಮೇಲೆ ಹೇಳಿದ್ದು ಕಾಗಕ್ಕ ಗುಬ್ಬಕ್ಕನ ಕಥೆ. ನಾವೆಲ್ಲ ಕೇಳಿದ ಕಥೆಯಲ್ಲಿ, ಮಳೆಗೆ ಮನೆ ಕಳೆದುಕೊಂಡ ಕಾಗಕ್ಕ ಬಾಗಿಲು ಬಡಿದರೆ ಗುಬ್ಬಕ್ಕ ನೂರು ನೆಪ ಹೇಳಿ ಕಾಯಿಸುತ್ತಾಳೆ. ಅವರ ಮನೆಯ ಕಥೆಯಲ್ಲಿ ಗುಬ್ಬಕ್ಕ ಏನೂ ಕೇಳದೆ ಬಾಗಿಲು ತೆಗೆಯುತ್ತಾಳೆ.

ಹೀಗೆ ಕೇಳಿದ್ದು ಬಹಳ. ಶಿರೂರಿನಲ್ಲಿ ನವಾಯತಿ, ಬೇರೆ ಕಡೆ ಉರ್ದು, ಬ್ಯಾರಿ, ಎಲ್ಲ ಕಡೆ ಕುಂದಾಪ್ರ ಕನ್ನಡ. ಹಂಗಾರಕಟ್ಟೆಯಿಂದ ಹಂಚು ತುಂಬಿಕೊಂಡು ಹೋಗುತ್ತಿದ್ದ ಮಂಜಿಗಳು, ಮಳೆಗಾಲಕ್ಕೆ ಮುಂಚೆ ತಂದೆ ಮರಳಿ ಬರುವರೋ ಇಲ್ಲವೋ ಎಂಬ ಲೆಕ್ಕಾಚಾರ. ಎಲ್ಲವನ್ನೂ ಇಲ್ಲಿ ಹೇಳುತ್ತ ಕೂತರೆ ಊಟ ತಣ್ಣಗಾಗುತ್ತದೆ. ಒಂದನ್ನು ಮಾತ್ರ ಹೇಳುತ್ತೇವೆ. ಅದಕ್ಕೆ ಮನೆಯವರ ಒಪ್ಪಿಗೆ ಇದೆ.

ಬೈಂದೂರು ತಾಲೂಕಿನ ಒಬ್ಬ ಅಜ್ಜಿ. ಯಜಮಾನರು ಗಲ್ಫಿನಲ್ಲಿದ್ದರು. ಅಜ್ಜಿಗೆ ಓದು ಬಾರದು. ಕಾಗದ ಬಂದರೆ ನೆರೆಮನೆಯವರನ್ನು ಕರೆಯಬೇಕು, ಅವರ ಎದುರಿಗೆ ಗಂಡನ ಮಾತು ಕೇಳಬೇಕು. ಅದಕ್ಕೆ ಅವರು ಕ್ಯಾಸೆಟ್ಟಿನಲ್ಲಿ ಮಾತಾಡಿ, ರಜೆಗೆ ಊರಿಗೆ ಬರುವವರ ಕೈಯಲ್ಲಿ ಕಳಿಸತೊಡಗಿದರು. ಆ ಟೇಪ್ ರೆಕಾರ್ಡರ್ ಕೆಟ್ಟು ವರ್ಷಗಳಾಗಿದ್ದವು. ಕ್ಯಾಸೆಟ್ಟಿನಲ್ಲಿದ್ದುದನ್ನು ಅಜ್ಜಿ ಬಾಯಲ್ಲೇ ಹೇಳುತ್ತಿದ್ದರು. ಎಲ್ಲಿ ಕೆಮ್ಮಿದರು, ಎಲ್ಲಿ ಹಿಂದಿನಿಂದ ಯಾರೋ ಬಾಗಿಲು ಹಾಕಿದರು ಎಂಬುದೂ ಸೇರಿ. ನಮ್ಮ ಜೊತೆ ಬಂದ ಹುಡುಗ ಮೊಬೈಲ್ ಎತ್ತಿದ. "ಅದನ್ನು ಕೆಳಗಿಡು ಮಗಾ, ಕೇಳುವುದಾದರೆ ಕೂತು ಕೇಳು" ಎಂದರು. ರೆಕಾರ್ಡ್ ಮಾಡಲಿಲ್ಲ. ಹೋದ ವರ್ಷ ಅವರು ತೀರಿಕೊಂಡರು. ಆ ಕಥೆ ಈಗ ಇರುವುದು ಅಂದು ಕೂತು ಕೇಳಿದವರ ತಲೆಯಲ್ಲಿ ಮಾತ್ರ. ನಮಗೆ ಅದರ ಸಂಕಟ ಇಲ್ಲವೆಂದಲ್ಲ, ಆದರೆ ಅಜ್ಜಿ ಹೇಳಿದ್ದೇ ಸರಿ.

ನಿಲ್ಲಿಸುವುದಕ್ಕೆ ಕಾರಣ ದೊಡ್ಡದೇನಿಲ್ಲ. ನಮ್ಮಲ್ಲಿ ಒಬ್ಬರಿಗೆ ಮಂಡಿ ನೋವು, ಒಬ್ಬರು ಮಕ್ಕಳ ಜೊತೆ ಬೇರೆ ಊರಿಗೆ ಹೋಗುತ್ತಿದ್ದಾರೆ. ಜೊತೆಗೆ ತಿರುಗಿದ ಹುಡುಗರು ಓದು ಮುಗಿಸಿ ಮಂಗಳೂರು, ಬೆಂಗಳೂರು, ದುಬೈ ಸೇರಿದ್ದಾರೆ. ಅವರು ಅಲ್ಲಿಗೆ ಸೇರಲೆಂದೇ ತಾನೇ ಈ ಟ್ರಸ್ಟ್ ಇರುವುದು. ಸಂಬಳ ಕೊಟ್ಟು ಜನ ಇಟ್ಟು ಮುಂದುವರಿಸಿ ಎಂದವರಿದ್ದಾರೆ. ಸಂಬಳ ಬಂದರೆ ತಿಂಗಳಿಗೆ ಇಷ್ಟು ಕಥೆ ಎಂಬ ಗುರಿಯೂ ಬರುತ್ತದೆ. ಅದು ನಮಗೆ ಹಿಡಿಸಲಿಲ್ಲ. ಆ ಹಣ ಮಕ್ಕಳ ಫೀಸಿಗೆ ಹೋಗಲಿ.

ಇನ್ನು ಕೂಡಿಟ್ಟದ್ದು. ಅದು ನಮ್ಮ ಬಳಿ ಇದ್ದ ಅಮಾನತ್. ಪ್ರತಿ ಮನೆಯ ಧ್ವನಿಮುದ್ರಣವನ್ನು ಒಂದೊಂದು ಪೆನ್‌ಡ್ರೈವ್‌ಗೆ ಹಾಕಿ ಆಯಾ ಮನೆಗೆ ಮರಳಿಸುತ್ತಿದ್ದೇವೆ. ಒಪ್ಪಿದವರ ಕಥೆಗಳ ಕನ್ನಡ ಪ್ರತಿ ಟ್ರಸ್ಟಿನ ಕಚೇರಿಯಲ್ಲಿರುತ್ತದೆ. ಬೇಡವೆಂದವರದ್ದನ್ನು ಅವರ ಕಣ್ಣೆದುರೇ ಕಂಪ್ಯೂಟರಿನಿಂದ ಅಳಿಸುತ್ತೇವೆ. ಹೇಳಿದವರು ಈಗ ಇಲ್ಲದಿದ್ದರೆ ತೀರ್ಮಾನ ಮನೆಯವರದ್ದು. ಅಳಿಸಿದರೆ ಮುಂದಿನವರಿಗೆ ನಷ್ಟವಲ್ಲವೇ, ಇಬ್ನ್ ಜುಝಯ್ ಬರೆಯದಿದ್ದರೆ ಅಬೂ ಸಿತ್ತ ಎಲ್ಲಿರುತ್ತಿದ್ದರು ಎಂದು ನಮ್ಮೊಳಗೇ ವಾದವಾಯಿತು. ವಾದದಲ್ಲಿ ಹುರುಳಿದೆ. ಆದರೆ ನಷ್ಟವನ್ನು ತಾಳಿಕೊಳ್ಳುವುದೇ ವಾಸಿ ಎಂದು ಕೊನೆಗೆ ಮೂವರೂ ಒಪ್ಪಿದೆವು.

ಮುಂದಿನ ಸಾಲಿನ ಅರ್ಜಿ ನಮೂನೆ ಈ ವರದಿಯ ಜೊತೆಗಿದೆ. ಅದರಲ್ಲಿ ಕಥೆ ಬರೆಯುವ ಕಾಲಂ ಇಲ್ಲ, ಫೋಟೊ ಗುರುತಿಗೆ ಮಾತ್ರ.

ಪೆನ್‌ಡ್ರೈವ್‌ಗಳು ಹಾಲಿನ ಹಿಂಬದಿಯ ಮೇಜಿನ ಮೇಲಿವೆ. ವೇದಿಕೆಯಿಂದ ಯಾರ ಹೆಸರನ್ನೂ ಕರೆಯುವುದಿಲ್ಲ. ಊಟಕ್ಕೆ ಹೋಗುವ ಮುಂಚೆ ನೀವೇ ಬಂದು, ರಿಜಿಸ್ಟರಿನಲ್ಲಿ ಸಹಿ ಮಾಡಿ ತೆಗೆದುಕೊಂಡು ಹೋಗಿ. ಇಂದು ಬರಲಾಗದವರ ಮನೆಗೆ ಈ ತಿಂಗಳೊಳಗೆ ನಾವೇ ತಲುಪಿಸುತ್ತೇವೆ.