ಸರಳೆಯ ಮುಂದೇನು?



ಮೂವತ್ತು ದಾಟಿದ ಮೇಲೆ ಗಿಟಾರ್ ಹಿಡಿದವರು ನಾವು. ಆದುದರಿಂದ ಇದನ್ನು ಪಂಡಿತರ ಉಪನ್ಯಾಸವೆಂದು ಎಣಿಸಬೇಡಿ. ವಿದ್ಯಾರ್ಥಿಯ ಅರಿಕೆ ಎಂದು ತಿಳಿಯಿರಿ.

ಒಂದು ವರ್ಷ ಸ್ಕೇಲುಗಳನ್ನು ಉರುಹೊಡೆದೆವು. ಪೂಜೆಯ ದಿನಗಳಲ್ಲಿ ನೆರೆಮನೆಯ ಬಂಗಾಳಿ ಮಿತ್ರರು, "ನಿಮ್ಮದೇ ಆದದ್ದೇನಾದರೂ ನುಡಿಸಿ" ಎಂದರು. ಮೆಟ್ಟಿಲು ಹತ್ತಿದಂತೆ ಸ್ವರಗಳನ್ನು ಹತ್ತಿದೆವು, ಇಳಿದೆವು, ಮತ್ತೆ ಹತ್ತಿದೆವು. ಮುಂದೆ ದಾರಿಯೇ ಇಲ್ಲ! ನಮ್ಮ ಮಗಳು ತಲೆ ತಗ್ಗಿಸಿ ಕುಳಿತಳು.

ಮನೆಗೆ ಬಂದ ಮೇಲೆ ತಾಯಿಯವರು ಕೇಳಿದರು: "ಸರಳೆಯೇನೋ ಆಯಿತು. ಜಂಟಿ, ಅಲಂಕಾರ ಎಲ್ಲಪ್ಪಾ?"

ಆಗ ಕಣ್ಣು ತೆರೆಯಿತು. ಪುರಂದರದಾಸರು ಹಾಕಿಕೊಟ್ಟರೆಂದು ನಂಬಿರುವ ಪಾಠಕ್ರಮದಲ್ಲಿ ಸರಳೆಯ ಮುಂದೆ ಜಂಟಿ, ಅನಂತರ ಸಪ್ತತಾಳಗಳ ಅಲಂಕಾರ. ಸ್ವರಗಳು ಅವೇ, ನಡೆ ಬೇರೆ ಬೇರೆ. ಮುಂದೆ ಕಲ್ಪನಾಸ್ವರ ಹಾಡುವವರಿಗೆ ಮಾತು ಒದಗುವುದು ಈ ಸಾಧನೆಯಿಂದಲೇ.

ಗಿಟಾರಿನ ಮೇಜರ್ ಸ್ಕೇಲಿನಲ್ಲಿರುವುದು ಶಂಕರಾಭರಣದ ಸ್ವರಗಳು. ಮ, ನಿ ಬಿಟ್ಟರೆ ಮೋಹನದ ಐದು ಸ್ವರಗಳು ಉಳಿಯುತ್ತವೆ. ಅದರ ಧೈವತವನ್ನೇ ಷಡ್ಜವೆಂದು ಭಾವಿಸಿ ನುಡಿಸಿದರೆ ಶುದ್ಧ ಧನ್ಯಾಸಿಯ ಸ್ವರಗಳು. ಪಾಶ್ಚಾತ್ಯರ ಮೈನರ್ ಪೆಂಟಟಾನಿಕ್ ಎಂದರೂ ಇವೇ. ಗಮಕ, ರಾಗಭಾವಗಳ ಮಾತು ಬೇರೆ, ನಿಜ. ಆದರೂ ಬೆರಳಿಗೆ ಎಷ್ಟು ದೊಡ್ಡ ಬಂಡವಾಳ!

ಈಗ ನಾವು ಮಾಡುವುದಿಷ್ಟು. ಮೂರೇ ಸ್ವರ ಆರಿಸಿಕೊಂಡು ಐದು ನಿಮಿಷ ನುಡಿಸುತ್ತೇವೆ. ಮೊದಲು ಬಾಯಲ್ಲಿ ಹಾಡಿ, ಆಮೇಲೆ ತಂತಿಯ ಮೇಲೆ ಬೆರಳಿಡುತ್ತೇವೆ. ಪ್ರಶ್ನೆಯಂಥ ಒಂದು ತುಣುಕು ನುಡಿಸಿ, ಉಸಿರು ಬಿಟ್ಟು, ಉತ್ತರ ಹುಡುಕುತ್ತೇವೆ.

ಈ ಊರಿನಲ್ಲೇ ನಮಗೊಂದು ಮೇಲ್ಪಂಕ್ತಿಯಿದೆ. ಬೆಂಗಳೂರಿನಲ್ಲಿ ಹುಟ್ಟಿದ ಕಾರ್ಲ್ಟನ್ ಕಿಟ್ಟೊ ಅವರು ಕೋಲ್ಕತ್ತದಲ್ಲಿ ನೆಲೆಸಿ ಬೀಬಾಪ್ ಜಾಝ್ ನುಡಿಸಿದರು, ಅನೇಕರಿಗೆ ಕಲಿಸಿದರು. 2016ರಲ್ಲಿ ಇಲ್ಲಿಯೇ ತೀರಿಕೊಂಡರು. ಆ ಸಂಗೀತದಲ್ಲಿ ಹಿನ್ನೆಲೆಯ ಸ್ವರಮೇಳ ಬೇಗಬೇಗ ಬದಲಾಗುತ್ತದೆ. ಸ್ಕೇಲು ಬೆರಳಿಗಿಳಿಯದವರಿಗೆ ಅಲ್ಲಿ ಸ್ವಾತಂತ್ರ್ಯವೆಲ್ಲಿ?

ಮಕ್ಕಳು ಗಿಟಾರ್ ಹಿಡಿದರೆ ನಮ್ಮ ಸಂಗೀತ ಕೈಬಿಟ್ಟುಹೋಯಿತೆಂದು ಹೊರನಾಡಿನಲ್ಲಿರುವ ನಾವು ಕೊರಗುವುದುಂಟು. ಕೊರಗುವ ಬದಲು ಅವರ ಪಕ್ಕದಲ್ಲಿ ಕುಳಿತು ಸರಳೆ, ಜಂಟಿ ಹೇಳಿಕೊಡೋಣ. ಈಗ ನಮ್ಮ ಮನೆಯಲ್ಲಿ ಸಂಜೆ ಮಗಳು ಗಿಟಾರಿನಲ್ಲಿ ಪ್ರಶ್ನೆ ನುಡಿಸುತ್ತಾಳೆ. ಅವಳ ಅಜ್ಜಿ ಅಡಿಗೆಮನೆಯಿಂದಲೇ ಸ್ವರ ಹಾಡಿ ಉತ್ತರ ಕೊಡುತ್ತಾರೆ. ಸೋಲುವವರು ಹೆಚ್ಚಾಗಿ ನಾವೇ.