ಆಯಸ್ಸಿನ ಅರ್ಧ ಪಾಲು



ಗಂಡನ ಪ್ರಾಣಕ್ಕಾಗಿ ಯಮನ ಬೆನ್ನು ಹತ್ತಿದ ಸಾವಿತ್ರಿಯ ಕಥೆ ನಮಗೆಲ್ಲ ಬಾಯಿಪಾಠ. ಅದೇ ಮಹಾಭಾರತದಲ್ಲಿ, ಆದಿಪರ್ವದಲ್ಲಿ, ಇನ್ನೊಂದು ಕಥೆ ಇದೆ. ಅದನ್ನು ಹೇಳುವವರು ಕಡಿಮೆ. ಚ್ಯವನ ಮಹರ್ಷಿಯ ಮೊಮ್ಮಗ ರುರು. ಪ್ರಮದ್ವರೆ ಎಂಬ ಕನ್ಯೆಯನ್ನು ಮೆಚ್ಚಿದ. ಹಿರಿಯರು ಒಪ್ಪಿ ಮದುವೆಯನ್ನೂ ಗೊತ್ತು ಮಾಡಿದರು. ಮುಹೂರ್ತಕ್ಕೆ ಕೆಲವೇ ದಿನ ಉಳಿದಿರುವಾಗ, ಗೆಳತಿಯರೊಡನೆ ಆಡುತ್ತಿದ್ದ ಹುಡುಗಿ ಹಾವನ್ನು ತುಳಿದಳು, ಕಚ್ಚಿಸಿಕೊಂಡು ಪ್ರಾಣ ಬಿಟ್ಟಳು. ಕಾಡಿನಲ್ಲಿ ಗೋಳಿಡುತ್ತಿದ್ದ ರುರುವಿಗೆ ದೇವದೂತನೊಬ್ಬ ಬಂದು ಹೇಳಿದ: ಅವಳ ಆಯಸ್ಸು ಮುಗಿದಿದೆ, ನಿನ್ನದರಲ್ಲಿ ಅರ್ಧ ಕೊಟ್ಟರೆ ಎದ್ದು ಬರುತ್ತಾಳೆ. ರುರು ಎರಡನೆಯ ಮಾತಾಡಲಿಲ್ಲ. ಕೊಟ್ಟುಬಿಟ್ಟ.

ಕಥೆಯಲ್ಲಿ ಅದು ಒಂದೇ ಮಾತಿಗೆ ಮುಗಿಯುತ್ತದೆ. ಕ್ಯಾನ್ಸರ್ ಆಸ್ಪತ್ರೆಯಲ್ಲಿ ಗಂಡನಿಗೆ ಹೆಂಡತಿ, ಹೆಂಡತಿಗೆ ಗಂಡ ಕೊಡುವ ಆಯಸ್ಸು ಹಾಗಲ್ಲ. ಅದನ್ನು ಕಂತು ಕಂತಾಗಿ ಕಟ್ಟಬೇಕು. ಮೂರು ವಾರಕ್ಕೊಮ್ಮೆ ಕೀಮೋ ಇದ್ದರೆ ಮೂರು ವಾರಕ್ಕೊಂದು ಕಂತು. ರೇಡಿಯೇಷನ್, ಅಂದರೆ ನಮ್ಮ ಹಳ್ಳಿಯವರು ‘ಕರೆಂಟ್ ಕೊಡಿಸೋದು’ ಎನ್ನುವ ಚಿಕಿತ್ಸೆ ಇದ್ದರೆ, ಸಾಮಾನ್ಯವಾಗಿ ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೊಂದು ಕಂತು, ಹಲವು ವಾರ. ರಕ್ತ ಕೊಟ್ಟು ರಿಪೋರ್ಟಿಗೆ ಕಾಯುವ ಬೆಳಗು, ಡ್ರಿಪ್ಸ್ ಬಾಟಲಿ ನೋಡುತ್ತ ಕೂತ ಮಧ್ಯಾಹ್ನ, ಬೆಂಚಿನ ಮೇಲೆ ಕಳೆದ ರಾತ್ರಿ, ಎಲ್ಲವೂ ಲೆಕ್ಕಕ್ಕೆ ಸೇರುತ್ತವೆ.

ಹಣವಿದ್ದವರಿಗೆ ಈ ಲೆಕ್ಕದಿಂದ ವಿನಾಯಿತಿ ಇದೆಯೆ? ಮೆಹರ್‌ಬಾಯಿಯವರ ಬದುಕನ್ನು ನೋಡಿ. ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯಲ್ಲಿ ಉನ್ನತ ಹುದ್ದೆಯಲ್ಲಿದ್ದ ಹೊರ್ಮುಸ್‌ಜಿ ಭಾಭಾ ಅವರ ಮಗಳು. ನಮ್ಮ ಬೆಂಗಳೂರು, ಮೈಸೂರುಗಳಲ್ಲಿ ಬೆಳೆದವರು. 1898ರಲ್ಲಿ ಜಮ್‌ಸೆಟ್‌ಜಿ ಟಾಟಾ ಅವರ ಹಿರಿಯ ಮಗ ದೊರಾಬ್‌ಜಿಯವರನ್ನು ಕೈಹಿಡಿದರು. ಬಾಲ್ಯವಿವಾಹದ ವಿರುದ್ಧ ದನಿ ಎತ್ತಿದ ಮಹಿಳೆ. 1931ರಲ್ಲಿ ಅವರು ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ದೇಶದ ಅತಿ ಸಿರಿವಂತರಲ್ಲಿ ಒಬ್ಬರಾಗಿದ್ದ ಗಂಡನಿದ್ದರೂ ಕೊಡಿಸಲು ಔಷಧಿಯೇ ಇರಲಿಲ್ಲ. ಅಂದಿನ ಜಗತ್ತಿನ ಯಾವ ವೈದ್ಯರ ಬಳಿಯೂ ಆ ರೋಗವನ್ನು ಗುಣಪಡಿಸುವ ಮದ್ದಿರಲಿಲ್ಲ. ಮರುವರ್ಷ ದೊರಾಬ್‌ಜಿ ಹೆಂಡತಿಯ ಹೆಸರಿನಲ್ಲಿ ರಕ್ತದ ಕ್ಯಾನ್ಸರಿನ ಸಂಶೋಧನೆಗೆಂದು ಒಂದು ನಿಧಿ ಸ್ಥಾಪಿಸಿದರು, ತಮ್ಮ ಆಸ್ತಿಯನ್ನು ಇನ್ನೊಂದು ಟ್ರಸ್ಟಿಗೆ ಬರೆದರು. ಹೆಂಡತಿ ತೀರಿ ವರ್ಷ ತುಂಬುವ ಮೊದಲೇ, 1932ರ ಜೂನ್‌ನಲ್ಲಿ, ತಾವೂ ಹೋದರು. ಆ ಟ್ರಸ್ಟಿನ ಹಣದಲ್ಲಿ 1941ರಲ್ಲಿ ಮುಂಬೈಯ ಪರೇಲ್‌ನಲ್ಲಿ ತೆರೆದದ್ದೇ ಟಾಟಾ ಸ್ಮಾರಕ ಆಸ್ಪತ್ರೆ.

ಇಂದು ಬೀದರ್‌ನಿಂದಲೋ ಚಾಮರಾಜನಗರದಿಂದಲೋ ಹೆಂಡತಿಯನ್ನು ಕರೆತಂದು ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯ ಓಪಿಡಿಯಲ್ಲಿ ಚೀಟಿ ಹಿಡಿದು ನಿಂತ ಕೂಲಿಕಾರನಿಗೆ, ಅಂದು ದೊರಾಬ್‌ಜಿ ಟಾಟಾ ಅವರಿಗೆ ಸಿಗದದ್ದು ಸಿಗುತ್ತದೆ: ಔಷಧಿ. ಎಲ್ಲ ಕ್ಯಾನ್ಸರಿಗೂ ಅದು ಪೂರ್ತಿ ಗುಣ ಕೊಡುವುದಿಲ್ಲ, ನಿಜ. ಆದರೂ ಎಷ್ಟೋ ಬಗೆಯ ಕ್ಯಾನ್ಸರುಗಳು ಬೇಗ ಗೊತ್ತಾದರೆ ವಾಸಿಯಾಗುತ್ತವೆ, ಇನ್ನೆಷ್ಟೋ ವರ್ಷಗಟ್ಟಲೆ ಹತೋಟಿಯಲ್ಲಿರುತ್ತವೆ. ಒಂದೇ ಷರತ್ತು, ಹಾಕಿಕೊಟ್ಟ ಚಿಕಿತ್ಸೆ ನಡುವೆ ನಿಲ್ಲಬಾರದು. ‘ರೀ, ಸಾಕು, ಊರಿಗೆ ಹೋಗಿಬಿಡೋಣ’ ಎಂದು ರೋಗಿ ಕೈಚೆಲ್ಲುವ ದಿನ ಒಂದು ಬಂದೇ ಬರುತ್ತದೆ. ಎರಡನೆಯ ಕೀಮೋ ಆಗಿ ಬಾಯೆಲ್ಲ ಹುಣ್ಣಾದಾಗ, ದಿಂಬಿನ ಮೇಲೆ ಕೂದಲು ರಾಶಿ ಬಿದ್ದಾಗ ಬರುತ್ತದೆ. ಆ ದಿನವನ್ನು ದಾಟಿಸುವ ಕೆಲಸ ವೈದ್ಯರಿಗಿಂತ ಹೆಚ್ಚಾಗಿ ಜೊತೆಯಲ್ಲಿರುವವರದು.

ದಾಟಿಸುವುದೆಂದರೆ ಧೈರ್ಯದ ಭಾಷಣ ಮಾಡುವುದಲ್ಲ. ಅದು ಕಲಿತು ಮಾಡಬೇಕಾದ ಕೆಲಸ. ಕೀಮೋ ಆದ ಮೇಲೆ ಒಂದು ವಾರದಿಂದ ಎರಡು ವಾರದ ನಡುವೆ ರಕ್ತದ ಬಿಳಿಕಣಗಳು ತೀರ ಇಳಿಯುತ್ತವೆ. ‘ಕೌಂಟ್ ಬಿದ್ದಿದೆ’ ಎಂದು ವಾರ್ಡಿನಲ್ಲಿ ಹೇಳುವುದು ಇದನ್ನೇ. ಆ ದಿನಗಳಲ್ಲಿ ಬರುವ ಜ್ವರ ಮಾಮೂಲಿ ಜ್ವರವಲ್ಲ. ಥರ್ಮಾಮೀಟರ್ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತೆಂದರೆ ನಡುರಾತ್ರಿಯಾದರೂ ಆಸ್ಪತ್ರೆಗೆ ಫೋನು ಮಾಡಬೇಕು. ಬೆಳಗಾಗಲಿ ನೋಡೋಣ ಎನ್ನಬಾರದು. ವೈದ್ಯರನ್ನು ಕೇಳದೆ ಜ್ವರದ ಮಾತ್ರೆ ನುಂಗಿಸಲೂ ಬಾರದು, ಏಕೆಂದರೆ ಮಾತ್ರೆ ಜ್ವರವನ್ನು ಮರೆಮಾಡುತ್ತದೆ, ಸೋಂಕು ಒಳಗೇ ಬೆಳೆಯುತ್ತದೆ. ಇಷ್ಟು ತಿಳಿದ ಗಂಡ ಅಥವಾ ಹೆಂಡತಿ ಮನೆಯಲ್ಲಿದ್ದರೆ ಒಂದು ಜೀವ ಉಳಿಯಬಹುದು. ಬೇಕಾದದ್ದು ಒಂದು ಥರ್ಮಾಮೀಟರ್, ಗೋಡೆಯ ಮೇಲೆ ಬರೆದಿಟ್ಟ ಒಂದು ಫೋನ್ ನಂಬರ್.

ಊಟದ್ದೂ ಹಾಗೆಯೇ. ಹೆಂಡತಿಗೆ ಇಷ್ಟವೆಂದು ಘಮ್ಮೆನ್ನುವ ಸಾರು ಮಾಡಿ ತಂದರೆ, ಆ ಒಗ್ಗರಣೆಯ ವಾಸನೆಗೇ ವಾಂತಿ ಬರುತ್ತದೆ. ತಂದವರಿಗೆ ಬೇಸರ, ತಿನ್ನಲಾರದವರಿಗೆ ಅಳುಕು. ಔಷಧಿ ನಾಲಿಗೆಯ ರುಚಿಯನ್ನು ಕೆಡಿಸುತ್ತದೆ, ಕೆಲವರಿಗೆ ಎಲ್ಲದರಲ್ಲೂ ಕಬ್ಬಿಣದ ರುಚಿ. ಬಿಸಿ ಆರಿದ ಊಟಕ್ಕೆ ವಾಸನೆ ಕಡಿಮೆ. ಒಂದೇ ಸಲ ತಟ್ಟೆ ತುಂಬ ಬಡಿಸುವ ಬದಲು ಎರಡು ಗಂಟೆಗೊಮ್ಮೆ ನಾಲ್ಕು ಚಮಚ ರಾಗಿ ಗಂಜಿಯೋ ಮೆತ್ತಗಿನ ಅನ್ನವೋ ಒಳಗೆ ಹೋದರೆ ಅದೇ ದೊಡ್ಡದು. ಕೌಂಟ್ ಇಳಿದಿರುವಾಗ ಹಸಿ ತರಕಾರಿ, ಹೊರಗೆ ಕತ್ತರಿಸಿಟ್ಟ ಹಣ್ಣು ಬೇಡ; ಆಗ ತಾನೇ ಮಾಡಿದ್ದು, ಕುದಿಸಿ ಆರಿಸಿದ ನೀರು ಸಾಕು. ಬಂದ ನೆಂಟರೆಲ್ಲ ಒಂದೊಂದು ಬೇರು, ಒಂದೊಂದು ಕಷಾಯ ಹೇಳುತ್ತಾರೆ. ಅದನ್ನು ಕುಡಿಸುವ ಮೊದಲು ಚಿಕಿತ್ಸೆ ಕೊಡುತ್ತಿರುವ ವೈದ್ಯರಿಗೆ ತೋರಿಸಿ ಕೇಳುವುದು ಸಂಗಾತಿಯ ಹೊಣೆ.

ಇನ್ನೊಂದು ಉಪಕಾರ, ಒಂದು ನೋಟ್‌ಬುಕ್. ಓಪಿಡಿಯಲ್ಲಿ ವೈದ್ಯರ ಎದುರು ಸಿಗುವುದು ಕೆಲವೇ ನಿಮಿಷ. ಆ ನಿಮಿಷಗಳಲ್ಲಿ ರೋಗಿಗೆ ಅರ್ಧ ಕೇಳಿಸುವುದಿಲ್ಲ, ಉಳಿದರ್ಧ ಮರೆತುಹೋಗುತ್ತದೆ. ಯಾವ ದಿನ ವಾಂತಿ, ಯಾವ ದಿನ ಭೇದಿ, ಎಷ್ಟು ನಿದ್ದೆ ಎಂದು ಬರೆದಿಟ್ಟರೆ ವೈದ್ಯರಿಗೆ ಔಷಧಿಯ ಪ್ರಮಾಣ ಹೊಂದಿಸಲು ಅನುಕೂಲ. ಕೇಳಬೇಕಾದ ಪ್ರಶ್ನೆಗಳನ್ನೂ ಬರೆದುಕೊಂಡು ಹೋಗಿ. ಈ ಚಿಕಿತ್ಸೆ ಗುಣಪಡಿಸಲಿಕ್ಕೋ, ಹತೋಟಿಗೋ? ಇನ್ನೆಷ್ಟು ಸಲ? ರಾತ್ರಿ ತೊಂದರೆಯಾದರೆ ಯಾರನ್ನು ಕಾಣಬೇಕು? ಕೇಳಲು ಸಂಕೋಚ ಬೇಡ.

ಹಣದ ಚಿಂತೆಯಲ್ಲೂ ತಿಳಿವಳಿಕೆ ಕೈಹಿಡಿಯುತ್ತದೆ. ನಮ್ಮ ರಾಜ್ಯದ ‘ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ’ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಚಿಕಿತ್ಸೆಗೆಂದು ರೈಲಿನಲ್ಲಿ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಥ್ರೀ ಟೈಯರ್ ಎಸಿಯಲ್ಲಿ ಪೂರ್ತಿ ರಿಯಾಯಿತಿ, ಜೊತೆಗೆ ಹೋಗುವ ಒಬ್ಬರಿಗೆ ನೂರಕ್ಕೆ 75ರಷ್ಟು. ಆಸ್ಪತ್ರೆಯಿಂದ ಪ್ರಮಾಣಪತ್ರ ತಂದು ಟಿಕೆಟ್ ಕೌಂಟರಿನಲ್ಲಿ ಕೊಡಬೇಕು. ರೋಗಿ ಒಬ್ಬರೇ ಹೋಗಲಾರರು ಎಂಬುದನ್ನು ರೈಲ್ವೆ ಇಲಾಖೆಯೇ ಲೆಕ್ಕಕ್ಕೆ ಹಿಡಿದಿದೆ. ದೊಡ್ಡ ಆಸ್ಪತ್ರೆಗಳಲ್ಲಿ ಇಂಥ ದಾರಿ ತೋರಿಸಲೆಂದೇ ಸಮಾಜ ಕಾರ್ಯಕರ್ತರು ಇರುತ್ತಾರೆ. ಮೊದಲ ದಿನವೇ ಅವರ ಕೋಣೆ ಎಲ್ಲಿದೆ ಎಂದು ಕೇಳಿಕೊಳ್ಳಿ.

ಈ ಕೆಲಸಗಳೆಲ್ಲ ಕೈಯವು. ಮನಸ್ಸಿನದು ಇನ್ನೂ ಕಷ್ಟ. ‘ಡಾಕ್ಟ್ರೇ, ಅವರಿಗೆ ಮಾತ್ರ ಹೇಳಬೇಡಿ’ ಎಂದು ನಮ್ಮಲ್ಲಿ ಬಾಗಿಲ ಹೊರಗೇ ಒಪ್ಪಂದ ನಡೆದುಬಿಡುತ್ತದೆ. ಪ್ರೀತಿಯಿಂದಲೇ ನಡೆಯುತ್ತದೆ. ಆದರೆ ಅಕ್ಕಪಕ್ಕದ ಹಾಸಿಗೆಗಳನ್ನು ನೋಡುತ್ತ ಮಲಗಿದವರಿಗೆ ತಿಳಿಯದೆ ಇರುತ್ತದೆಯೆ? ಹೆಂಡತಿಗೆ ಗೊತ್ತು, ತನಗೆ ಗೊತ್ತೆಂದು ಗಂಡನಿಗೆ ತಿಳಿದರೆ ನೊಂದಾನೆಂದು ಸುಮ್ಮನಿದ್ದಾಳೆ. ಅವನು ಅವಳಿಗಾಗಿ ನಗುತ್ತಾನೆ, ಅವಳು ಅವನಿಗಾಗಿ. ಮೂವತ್ತು ವರ್ಷ ಒಂದೇ ಮನೆಯಲ್ಲಿ ಬಾಳಿದವರು ಅತ್ಯಂತ ಬೇಕಾದ ಹೊತ್ತಿನಲ್ಲಿ ಒಬ್ಬರಿಗೊಬ್ಬರು ದೂರವಾಗುವುದು ಹೀಗೆ. ಎಷ್ಟು ತಿಳಿಯಬೇಕೆಂದು ರೋಗಿಯನ್ನೇ ಕೇಳುವುದು ನ್ಯಾಯ. ‘ನಂಗೆ ಭಯ ಆಗ್ತಿದೆ ಕಣ್ರೀ’ ಎಂದಾಗ ‘ಛೆ, ಏನೂ ಆಗಲ್ಲ ಬಿಡು’ ಎಂದರೆ ಆ ಮಾತು ಅಲ್ಲಿಗೇ ಮುಚ್ಚಿಹೋಗುತ್ತದೆ. ‘ಏನು ಅಂತ ಭಯ, ಹೇಳು’ ಎಂದರೆ ತೆರೆಯುತ್ತದೆ. ಆ ಭಯ ಸಾವಿನದ್ದೇ ಆಗಿರಬೇಕಿಲ್ಲ. ಮಗಳ ಪರೀಕ್ಷೆಯದ್ದಿರಬಹುದು, ಸಂಘದ ಸಾಲದ್ದಿರಬಹುದು.

ಮುಟ್ಟಲು ಹಿಂಜರಿಯುವವರೂ ಇದ್ದಾರೆ. ಕ್ಯಾನ್ಸರ್ ಅಂಟುರೋಗವಲ್ಲ. ಯಂತ್ರದ ಕೆಳಗೆ ಮಲಗಿಸಿ ಕರೆಂಟ್ ಕೊಟ್ಟು ಕಳಿಸಿದವರ ಮೈಯಿಂದ ಯಾವ ಕಿರಣವೂ ಹೊಮ್ಮುವುದಿಲ್ಲ. ಪಕ್ಕದಲ್ಲಿ ಕೂರಬಹುದು, ಕೈ ಹಿಡಿಯಬಹುದು, ಜೊತೆಗೆ ಉಣ್ಣಬಹುದು. ಸ್ತನ ತೆಗೆಸಿಕೊಂಡ ಹೆಂಗಸು ಮೊದಲು ನೋಡುವುದು ಕನ್ನಡಿಯನ್ನಲ್ಲ, ಗಂಡನ ಮುಖವನ್ನು. ಆ ಮುಖ ತಿರುಗದಿದ್ದರೆ ಅವಳ ಅರ್ಧ ನೋವು ಇಳಿಯುತ್ತದೆ.

ಒಂದು ಮಾತು ಗಂಡಸರಿಗೆ. ಗಂಡನಿಗೆ ಕಾಯಿಲೆಯಾದರೆ ಹಾಸಿಗೆಯ ಪಕ್ಕದಲ್ಲಿ ಹೆಂಡತಿ ಇರುತ್ತಾಳೆ ಎಂಬುದನ್ನು ಯಾರೂ ಪ್ರಶ್ನಿಸುವುದಿಲ್ಲ. ಹೆಂಡತಿಗೆ ಬಂದರೆ ಅವಳ ತಾಯಿಯನ್ನೋ ತಂಗಿಯನ್ನೋ ಕರೆಸುತ್ತೇವೆ. ದುಡ್ಡು ಹೊಂದಿಸಲು ಓಡಾಡುವ ಗಂಡನ ಕಷ್ಟ ಸುಳ್ಳಲ್ಲ. ಆದರೂ ಮಲಗಿರುವ ಹೆಣ್ಣಿನ ತಲೆಯಲ್ಲಿ ಆ ಮನೆ ಇನ್ನೂ ನಡೆಯುತ್ತಲೇ ಇರುತ್ತದೆ: ಹಾಲಿನವನ ಲೆಕ್ಕ, ಗ್ಯಾಸ್ ಬುಕ್ಕಿಂಗ್, ಅತ್ತೆಯ ಬಿಪಿ ಮಾತ್ರೆ. ‘ಅದೆಲ್ಲ ನಾನು ನೋಡ್ಕೊಂಡಿದ್ದೀನಿ, ನೀನು ಮಲಗು’ ಎಂದು ಹೇಳಿ, ನಿಜವಾಗಿಯೂ ನೋಡಿಕೊಂಡಿರುವ ಗಂಡ ಅವಳಿಗೆ ಅರ್ಧ ಆಯಸ್ಸು ಕೊಟ್ಟ ಹಾಗೆಯೇ.

ಎಷ್ಟು ಕೊಟ್ಟರೂ ರೋಗವೇ ಗೆಲ್ಲುವ ಸಂದರ್ಭಗಳಿವೆ. ಆಗಲೂ ಮಾಡಲು ಏನೂ ಉಳಿದಿಲ್ಲ ಎಂದಲ್ಲ. ನೋವು ಶಮನ ಮಾಡುವ ವೈದ್ಯವೇ ಬೇರೆ ಇದೆ. ಬೆಂಗಳೂರಿನ ಕರುಣಾಶ್ರಯದಂಥ ಕಡೆ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಹಣ ಕೇಳದೆ ನೋಡಿಕೊಳ್ಳುತ್ತಾರೆ. ಅಲ್ಲಿಗೆ ಕರೆದೊಯ್ದ ಸಂಗಾತಿ ಸೋತವರಲ್ಲ. ನೋವಿಲ್ಲದ ದಿನಗಳೂ ಆಯಸ್ಸೇ.

ಹಾಗಾದರೆ ಕೊಡುತ್ತಲೇ ಇರುವವರ ಗತಿ ಏನು? ನರ್ಸ್ ಬಂದು ‘ಪೇಷಂಟ್ ಕಡೆಯವರು ಯಾರು?’ ಎಂದು ಕೂಗಿದಾಗಲೆಲ್ಲ ಎದ್ದು ನಿಲ್ಲುವ ಆ ಒಬ್ಬ ವ್ಯಕ್ತಿ ಊಟ ಮಾಡಿ ಎಷ್ಟು ಹೊತ್ತಾಯಿತು, ಮಲಗಿ ಎಷ್ಟು ದಿನವಾಯಿತು ಎಂದು ಕೇಳುವವರಿಲ್ಲ. ಅವರ ಶುಗರ್ ಮಾತ್ರೆ ತಪ್ಪಿರುತ್ತದೆ, ಬೆನ್ನು ಹಿಡಿದಿರುತ್ತದೆ, ಒಳಗೆ ಸಿಟ್ಟು ಬಂದು ಆ ಸಿಟ್ಟಿಗೆ ನಾಚಿಕೆಯೂ ಆಗಿರುತ್ತದೆ. ಸಿಟ್ಟು ಬರುವುದು ಪಾಪವಲ್ಲ, ದಣಿವಿನ ಗುರುತು. ಅರ್ಧ ಆಯಸ್ಸು ಕೊಡಿ ಎಂದ ಕಥೆ ಪೂರ್ತಿ ಕೊಡಿ ಎನ್ನಲಿಲ್ಲ. ಉಳಿದರ್ಧವನ್ನು ಕಾಪಾಡಿಕೊಂಡರೆ ತಾನೇ ಮುಂದಿನ ಕಂತು ಕಟ್ಟಲು ಸಾಧ್ಯ?

ಅದನ್ನು ಕಾಪಾಡುವುದು ನಮ್ಮ ನಿಮ್ಮ ಕೈಯಲ್ಲಿದೆ. ನಿಮ್ಮ ಬೀದಿಯಲ್ಲೋ ಕಚೇರಿಯಲ್ಲೋ ಹೀಗೆ ಆಸ್ಪತ್ರೆಗೂ ಮನೆಗೂ ಓಡಾಡುತ್ತಿರುವ ಒಬ್ಬರು ಇದ್ದರೆ, ‘ಏನಾದ್ರೂ ಬೇಕಾದ್ರೆ ಹೇಳಿ’ ಎಂದು ಹೇಳಿ ಬಂದುಬಿಡಬೇಡಿ. ಅವರು ಹೇಳುವುದಿಲ್ಲ, ಹೇಳಲು ಸಂಕೋಚ. ‘ಗುರುವಾರ ರಾತ್ರಿ ಆಸ್ಪತ್ರೆಯಲ್ಲಿ ನಾನು ಕೂತಿರ್ತೀನಿ, ನೀವು ಮನೆಗೆ ಹೋಗಿ ಮಲಗಿ’ ಎನ್ನಿ. ದಿನ ಹೇಳಿ, ಹೊತ್ತು ಹೇಳಿ, ಹೇಳಿದ ಹೊತ್ತಿಗೆ ಹೋಗಿ. ಇವತ್ತೇ ಒಂದು ಫೋನು ಮಾಡಿ.