ಕೂಲಿಯವರ ಕೆಲಸ, ರೈತನ ಹೊಲ
(ತಾಲ್ಲೂಕು ಮಟ್ಟದ ರೈತ ಶಿಬಿರವೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಪುಕ್ಕಟೆ ಅಕ್ಕಿ ಸಿಗೋದ್ರಿಂದ ಆಳುಗಳು ಹೊಲಕ್ಕೆ ಬರೋದಿಲ್ಲ ಎಂಬ ಮಾತು ಇವತ್ತು ಪ್ರತಿ ಊರಿನ ಅರಳಿಕಟ್ಟೆಯ ಮೇಲೂ ಕೇಳುತ್ತದೆ. 2013ರ ಜುಲೈನಲ್ಲಿ ಅನ್ನಭಾಗ್ಯ ಶುರುವಾದ ಮೇಲೆ ಈ ಮಾತಿಗೆ ಇನ್ನಷ್ಟು ಬಲ ಬಂತು. ಸರ್ಕಾರ ಕೂಲಿಯವರನ್ನು ಸೋಮಾರಿ ಮಾಡಿತು ಅಂತ ನೀವೂ ಹೇಳಿರಬಹುದು. ಇದರಲ್ಲಿ ನಿಜ ಎಷ್ಟು, ಸಿಟ್ಟು ಎಷ್ಟು, ಲೆಕ್ಕ ಹಾಕಿ ನೋಡೋಣ. ಬೆಳೆಯ ಬೆಲೆ ವಿಚಾರದಲ್ಲಿ ಸರ್ಕಾರದ ಲೆಕ್ಕವನ್ನು ಪೈಸೆ ಪೈಸೆ ಕೆದಕುವ ನಾವು, ಪಕ್ಕದ ಕೇರಿಯ ಲೆಕ್ಕವನ್ನೂ ಹಾಗೇ ನೋಡಬೇಕು.

ಒಂದು ಕೂಲಿ ಸಂಸಾರ ತಗೊಳ್ಳಿ. ಅಕ್ಕಿ ಸೊಸೈಟಿಯಿಂದ ಬಂತು. ಬೇಳೆ, ಎಣ್ಣೆ, ಖಾರ, ಸೋಪು ಅಂಗಡಿಯಿಂದಲೇ ಬರಬೇಕು. ಮಗುವಿಗೆ ಜ್ವರ ಬಂದರೆ ಡಾಕ್ಟರಿಗೆ ಕೊಡಬೇಕು. ಮಗಳ ಮದುವೆಗೆ ಮಾಡಿದ ಸಾಲಕ್ಕೆ ಬಡ್ಡಿ ಕಟ್ಟಬೇಕು. ಅಕ್ಕಿ ಹೊಟ್ಟೆ ತುಂಬಿಸುತ್ತದೆ, ಸಾಲ ತೀರಿಸುವುದಿಲ್ಲ. ಇನ್ನು ಉದ್ಯೋಗ ಖಾತರಿ. 2025-26ರಲ್ಲಿ ಕರ್ನಾಟಕಕ್ಕೆ ಅದರ ದಿನಗೂಲಿ 370 ರೂಪಾಯಿ. ಇಡೀ ಸಂಸಾರಕ್ಕೆ ನೂರು ದಿನವೂ ಕೆಲಸ ಸಿಕ್ಕರೆ ವರ್ಷಕ್ಕೆ 37,000 ರೂಪಾಯಿ. ತಿಂಗಳಿಗೆ ಮೂರು ಸಾವಿರದ ಚಿಲ್ಲರೆ. ಇಷ್ಟರಲ್ಲಿ ಕಾಲು ಚಾಚಿ ಮಲಗುವ ಸಂಸಾರ ಯಾವುದಿದೆ, ನೀವೇ ಹೇಳಿ.

ಆದರೂ ಒಂದು ಬದಲಾವಣೆ ಆಗಿದೆ, ಅದು ಸುಳ್ಳಲ್ಲ. ಹಿಂದೆ ಮನೆಯಲ್ಲಿ ಕಾಳಿಲ್ಲದವನು ನಾವು ಹೇಳಿದ ಕೂಲಿಗೆ ಬರುತ್ತಿದ್ದ. ಈಗ ಎರಡು ದಿನ ತಡೆದು, ಕೂಲಿ ಎಷ್ಟು ಅಂತ ಕೇಳಿ ಬರುತ್ತಾನೆ. ಇದು ಸೋಮಾರಿತನವೇ? ಈರುಳ್ಳಿಯನ್ನು ಮಂಡಿಗೆ ಒಯ್ದ ರೈತನಿಗೆ ಎರಡು ವಾರ ತಡೆಯುವ ಶಕ್ತಿ ಇದ್ದಿದ್ದರೆ ದಲ್ಲಾಳಿ ಕೂಗಿದ ಬೆಲೆಗೆ ಮಾರುತ್ತಿದ್ದನೇ? ತಡೆದು ಬೆಲೆ ಕೇಳುವ ಶಕ್ತಿ ಬೇಕು ಅಂತಲೇ ನಾವು ಇಷ್ಟು ವರ್ಷ ಹೋರಾಡಿದ್ದು. ಅದೇ ಶಕ್ತಿ ಕೂಲಿಯವರ ಕೈಗೆ ಅಂಗೈಯಷ್ಟು ಬಂದರೆ ಅದಕ್ಕೆ ಬೇರೆ ಹೆಸರು ಇಡುವುದು ನ್ಯಾಯವಲ್ಲ.

ಹಾಗಾದರೆ ಜನ ಎಂದೆಂದಿಗೂ ಸರ್ಕಾರದ ಅಕ್ಕಿ ನೋಡಿಕೊಂಡೇ ಕೂರಬೇಕೇ? ಬೇಡ. ಯಾವ ಮರ್ಯಾದಸ್ಥ ಸಂಸಾರಕ್ಕೂ ಅದು ಬೇಡ. ಆದರೆ ಹಂಗಿನಿಂದ ದುಡಿಮೆಗೆ ದಾಟೋದು ಹೇಗೆ? ಇದಕ್ಕೆ ನಮ್ಮ ಪಕ್ಕದ ರಾಜ್ಯದಲ್ಲೇ ಒಂದು ಪಾಠ ಇದೆ.

1965ರಲ್ಲಿ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆ ತಾಸಗಾಂವ್ ತಾಲ್ಲೂಕಿನಲ್ಲಿ ಒಂದು ಪ್ರಯೋಗ ಶುರುವಾಯಿತು. ಕೇಳಿದವನಿಗೆ ಕೆಲಸ ಕೊಡಬೇಕು ಎಂಬುದು ಅದರ ತಿರುಳು. ಇದರ ಹಿಂದೆ ಇದ್ದವರು ಅಲ್ಲಿನ ವಿಧಾನ ಪರಿಷತ್ತಿನ ಸಭಾಪತಿ ವಿ. ಎಸ್. ಪಾಗೆ. ಆಮೇಲೆ 1972ರ ಬರ ಬಂತು. ವಿಜಯಪುರ, ಕಲಬುರಗಿ ಕಡೆಯ ಹಿರಿಯರಿಗೆ ಆ ಬರ ಇವತ್ತಿಗೂ ನೆನಪಿದೆ. 1973ರ ಬೇಸಗೆಯಲ್ಲಿ ಮಹಾರಾಷ್ಟ್ರದ ಬರಗಾಲ ಕಾಮಗಾರಿಗಳಲ್ಲಿ ದುಡಿದವರು ಸುಮಾರು 50 ಲಕ್ಷ ಜನ. ಗಂಜಿ ಕೊಟ್ಟರೆ ಕೂತು ಉಣ್ಣುತ್ತಾರೆ ಅಂದವರ ಮುಂದೆ ಅಷ್ಟು ಜನ ಸುಡುವ ಬಿಸಿಲಲ್ಲಿ ಕಲ್ಲು ಒಡೆದರು, ಮಣ್ಣು ಹೊತ್ತರು.

ಬರ ಮುಗಿಯಿತು, ಯೋಜನೆ ಮುಗಿಯಲಿಲ್ಲ. 1977ರಲ್ಲಿ ಅದು ಕಾಯ್ದೆ ಆಯಿತು, 1979ರ ಜನವರಿ 26ರಿಂದ ಜಾರಿಗೆ ಬಂತು. ಕೇಳಿದ 15 ದಿನದೊಳಗೆ ಕೆಲಸ, ಇಲ್ಲವಾದರೆ ನಿರುದ್ಯೋಗ ಭತ್ಯೆ. ಗಂಡಿಗೂ ಹೆಣ್ಣಿಗೂ ಅಳತೆಗೆ ತಕ್ಕ ಒಂದೇ ದರ. ಹಣ ಎಲ್ಲಿಂದ ಬಂತು ಎಂಬುದನ್ನು ಗಮನಿಸಿ. ಪಟ್ಟಣದ ಸಂಬಳದಾರರ ಮೇಲೆ ವೃತ್ತಿ ತೆರಿಗೆ ಹಾಕಿದರು. ನೀರಾವರಿ ಜಮೀನಿನ ಮೇಲೂ ಕರ ಹಾಕಿದರು. ಬಂದಷ್ಟೇ ಹಣವನ್ನು ಸರ್ಕಾರ ತಾನೂ ಸೇರಿಸಿತು. ಮುಂಬಯಿಯ ಗುಮಾಸ್ತನ ದುಡ್ಡು ಬರದ ಹಳ್ಳಿಯ ಜಿನುಗು ಕೆರೆಗೆ ಬಂತು.

ಅಲ್ಲಿಯ ರೈತರೂ ಮೊದಲು ನಮ್ಮ ಹಾಗೇ ಹೆದರಿದ್ದರು. ಆದರೆ ಕಾಮಗಾರಿಗೆ ಜನ ಕಿಕ್ಕಿರಿಯುತ್ತಿದ್ದದ್ದು ಬೇಸಗೆಯಲ್ಲಿ. ಮಳೆ ಬಿದ್ದು ಹೊಲದಲ್ಲಿ ಕೆಲಸ ಶುರುವಾದರೆ ಹಾಜರಿ ಇಳಿಯುತ್ತಿತ್ತು. ಕಾಯ್ದೆ ಯಾರನ್ನೂ ಕಟ್ಟಿಹಾಕಲಿಲ್ಲ, ಹೊಲದ ಕೆಲಸ ಸಿಕ್ಕಾಗ ಜನ ತಾವೇ ಹೊಲಕ್ಕೆ ಬಂದರು.

ಇನ್ನೊಂದು ಹೆಜ್ಜೆ 1990ರಲ್ಲಿ ಇಟ್ಟರು. ಅದೇ ಖಾತರಿ ಹಣದಲ್ಲಿ ಸಣ್ಣ ರೈತನ ಸ್ವಂತ ಜಮೀನಿನಲ್ಲಿ ಹಣ್ಣಿನ ಗಿಡ ನೆಡಿಸಿದರು. ಗುಂಡಿ ತೋಡಿದ ಕೂಲಿ ಅವನಿಗೇ, ಗಿಡವೂ ಅವನದೇ. ಗಿಡ ಬದುಕಿದ ಲೆಕ್ಕ ನೋಡಿ ವರ್ಷ ವರ್ಷ ಕಂತು ಕೊಟ್ಟರು. ಕೊಂಕಣದಲ್ಲಿ ಮಾವು, ಗೋಡಂಬಿ. ಸೊಲ್ಲಾಪುರದ ಕಡೆ ದಾಳಿಂಬೆ. ನಿನ್ನೆ ಬರಗಾಲ ಕಾಮಗಾರಿಯಲ್ಲಿ ಮಣ್ಣು ಹೊತ್ತವನು ಇವತ್ತು ತೋಟದ ಯಜಮಾನ. ಹಂಗಿನಿಂದ ದುಡಿಮೆಗೆ ದಾಟೋದು ಅಂದರೆ ಇದು.

ಎಡವಿದ ಜಾಗವನ್ನೂ ಹೇಳಬೇಕು. 1988ರಲ್ಲಿ ಖಾತರಿ ಕೂಲಿ ಸುಮಾರು ಎರಡು ಪಟ್ಟಾಯಿತು. ಆದರೆ ಅದಕ್ಕೆ ತಕ್ಕಷ್ಟು ಕಾಮಗಾರಿ ತೆರೆಯಲಿಲ್ಲ, ಕೆಲಸ ಸಿಕ್ಕವರ ಸಂಖ್ಯೆ ಇಳಿಯಿತು. ಕಾಗದದ ಮೇಲೆ ಹಕ್ಕು ಇತ್ತು, ಕೈಯಲ್ಲಿ ಗುದ್ದಲಿ ಇರಲಿಲ್ಲ. ಬೆಂಬಲ ಬೆಲೆ ಘೋಷಿಸಿ ಖರೀದಿ ಕೇಂದ್ರ ತೆರೆಯದೇ ಇದ್ದರೆ ಏನಾಗುತ್ತದೆ ಅಂತ ನಿಮಗೆ ಗೊತ್ತಲ್ಲ, ಇದೂ ಅದೇ ಜಾತಿಯ ಮೋಸ.

ಈ ಪಾಠದಿಂದಲೇ 2005ರಲ್ಲಿ ದೇಶಕ್ಕೆಲ್ಲ ಕಾಯ್ದೆ ಬಂತು. 2006ರ ಫೆಬ್ರವರಿಯಲ್ಲಿ ಮೊದಲ ಕಂತಿನಲ್ಲೇ ನಮ್ಮ ಬೀದರ್, ಗುಲ್ಬರ್ಗ, ರಾಯಚೂರು, ಚಿತ್ರದುರ್ಗ, ದಾವಣಗೆರೆ ಜಿಲ್ಲೆಗಳು ಸೇರಿದವು. ಬದು, ಕೃಷಿ ಹೊಂಡ ಎಷ್ಟೋ ರೈತರ ಜಮೀನಿನಲ್ಲೇ ಆದವು. 2025ರ ಡಿಸೆಂಬರಿನಲ್ಲಿ ಸಂಸತ್ತು ಅದರ ಜಾಗಕ್ಕೆ ಹೊಸ ಕಾಯ್ದೆಯನ್ನು ಅಂಗೀಕರಿಸಿತು. ದಿನಗಳನ್ನು 125ಕ್ಕೆ ಏರಿಸಿತು. ಜೊತೆಗೆ ಬಿತ್ತನೆ, ಕೊಯ್ಲಿನ ಕಾಲಕ್ಕೆ ವರ್ಷದಲ್ಲಿ ಒಟ್ಟು 60 ದಿನ ಕಾಮಗಾರಿ ನಿಲ್ಲಿಸಲು ಅವಕಾಶ ಇಟ್ಟಿತು. ಖರ್ಚಿನಲ್ಲಿ ರಾಜ್ಯದ ಪಾಲನ್ನೂ ಹೆಚ್ಚಿಸಿತು.

ಆ 60 ದಿನ ನಮ್ಮ ಹೆಸರಿನಲ್ಲಿ ಬಂದದ್ದು. ಆದ್ದರಿಂದ ಪ್ರಶ್ನೆಯೂ ನಮ್ಮ ಮುಂದೆಯೇ ಇದೆ. ಸರ್ಕಾರದ ಕೆಲಸ ನಿಂತ ದಿನಗಳಲ್ಲಿ ಅವರಿಗೆ ನಾವು ಕೆಲಸ ಕೊಡುತ್ತೇವೆಯೇ? ಎಷ್ಟು ಕೂಲಿಗೆ? ಮಳೆ ಕೈಕೊಟ್ಟು ಬಿತ್ತನೆಯೇ ಆಗದಿದ್ದರೆ ಆ 60 ದಿನ ಆ ಸಂಸಾರ ಏನು ಉಣ್ಣಬೇಕು? ಒಮ್ಮೆ ಮೇಸ್ತ್ರಿಯ ಮುಂಗಡ ಹಿಡಿದು ಕಬ್ಬು ಕಡಿಯಲಿಕ್ಕೋ, ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಹೋದ ಸಂಸಾರ ಮುಂದಿನ ಕೊಯ್ಲಿಗೆ ನಮ್ಮ ಊರಿನಲ್ಲಿ ಇರುವುದಿಲ್ಲ. ಆಳು ಸಿಗಬೇಕಾದರೆ ಆಳು ಊರಲ್ಲಿ ಉಳಿಯಬೇಕು. ಉಳಿಯಬೇಕಾದರೆ ಬೇಸಗೆಯಲ್ಲಿ ಊರಲ್ಲೇ ಅನ್ನ ಹುಟ್ಟಬೇಕು.

"ಕೂಲಿ ಜಾಸ್ತಿ ಕೊಡೋಕೆ ನಮಗೆಲ್ಲಿದೆ ಸ್ವಾಮಿ?" ಅಂತೀರಿ. ಸರಿಯಾದ ಪ್ರಶ್ನೆ, ಆದರೆ ಕೇಳಬೇಕಾದ್ದು ದೆಹಲಿಯನ್ನ. ಸ್ವಾಮಿನಾಥನ್ ಆಯೋಗ 2006ರಲ್ಲೇ ಖರ್ಚಿನ ಮೇಲೆ ಕನಿಷ್ಠ ಅರ್ಧದಷ್ಟು ಸೇರಿಸಿ ಬೆಂಬಲ ಬೆಲೆ ಕೊಡಿ ಅಂದಿತು. ಆ ಖರ್ಚಿನೊಳಗೆ ಕೂಲಿ ದೊಡ್ಡ ಬಾಬತ್ತು. ನ್ಯಾಯವಾದ ಕೂಲಿಯನ್ನು ಖರ್ಚಿಗೆ ಹಿಡಿದು ನ್ಯಾಯವಾದ ಬೆಲೆ ಕೇಳುವುದು ನಮ್ಮ ದಾರಿ. ಬೆಲೆಯಲ್ಲಿ ಬಿದ್ದ ಹೊಡೆತವನ್ನು ಕೂಲಿಯಲ್ಲಿ ಮುರಿದುಕೊಂಡರೆ, ದಲ್ಲಾಳಿಗೆ ಕೊಟ್ಟ ಲಾಭವನ್ನು ನಮಗಿಂತ ಬಡವನಿಂದ ವಸೂಲಿ ಮಾಡಿದಂತೆ.

ಈಗ ಮಾಡಬೇಕಾದ ಕೆಲಸ ಹೇಳುತ್ತೇನೆ, ಮನಸ್ಸಿಟ್ಟು ಕೇಳಿ. ಗ್ರಾಮಸಭೆಗೆ ಹೋಗಿ. ಹಿಂದಿನ ಬೆಂಚಿನಲ್ಲಿ ಕೂತು ಎದ್ದು ಬರಬೇಡಿ. ಕೆರೆ ಹೂಳು, ರಾಜಕಾಲುವೆ, ಬದು, ತೋಟದ ಗುಂಡಿ, ಯಾವುದು ಮೊದಲು ಅಂತ ಕೂಲಿಯವರ ಜೊತೆ ಕೂತು ಪಟ್ಟಿ ಮಾಡಿಸಿ. ಸಂಕ್ರಾಂತಿ ಕಳೆಯುತ್ತಿದ್ದಂತೆ ಕೆಲಸ ತೆರೆಯಲಿ, ಮುಂಗಾರಿಗೆ ಮೊದಲು ಮುಗಿಯಲಿ. ನಿಲ್ಲಿಸುವ ದಿನಗಳನ್ನು ನಮ್ಮ ಊರಿನ ಮಳೆ ನೋಡಿ ಗೊತ್ತು ಮಾಡಲಿ, ಬೆಂಗಳೂರಿನ ಕ್ಯಾಲೆಂಡರ್ ನೋಡಿ ಅಲ್ಲ. ಕೂಲಿ ತಡವಾದರೆ ಅವರ ಜೊತೆ ಪಂಚಾಯ್ತಿ ಮುಂದೆ ನೀವೂ ನಿಲ್ಲಿ. ಕಬ್ಬಿನ ಬಾಕಿಗೆ ಕಾದವರಿಗೆ ಆ ಸಂಕಟ ಹೇಳಿಕೊಡಬೇಕಾಗಿಲ್ಲ. ಕೂಸಿರುವ ತಾಯಿ ಕೆಲಸಕ್ಕೆ ಬರಬೇಕಾದರೆ ಕೂಸನ್ನು ನೋಡುವವರು ಬೇಕು, ಅದಕ್ಕೂ ಒತ್ತಾಯಿಸಿ. ಮಗ ನಾಲ್ಕು ಕಾಸು ತಂದ ಅಂತ ಮರುತಿಂಗಳೇ ರೇಷನ್ ಕಾರ್ಡ್ ಕಿತ್ತುಕೊಂಡರೆ ಆ ಸಂಸಾರ ಮತ್ತೆ ಹಳ್ಳಕ್ಕೇ ಬೀಳುತ್ತದೆ. ಸಸಿ ಬೇರು ಬಿಡುವ ಮೊದಲು ಆಸರೆಯ ಕೋಲು ಕಿತ್ತ ಹಾಗೆ ಅದು.

ಬಂಧುಗಳೇ, ಸಾಲದ ಕಷ್ಟ ನಮಗೂ ಗೊತ್ತು, ಅವರಿಗೂ ಗೊತ್ತು. ಒಂದು ಊರಿನಲ್ಲಿ ಹೊಲ ಇದ್ದವನೂ ಇಲ್ಲದವನೂ ಒಬ್ಬರನ್ನೊಬ್ಬರು ಬೈದುಕೊಂಡು ಕೂತಿರುವಷ್ಟು ಕಾಲ ವಿಧಾನಸೌಧದವರಿಗೆ ನಿದ್ದೆ ಚೆನ್ನಾಗಿ ಬರುತ್ತದೆ. ಮುಂದಿನ ಗ್ರಾಮಸಭೆಗೆ ಇಬ್ಬರೂ ಒಟ್ಟಿಗೆ ಹೋಗಿ, ಒಂದೇ ಪಟ್ಟಿ ಹಿಡಿದು ಹೋಗಿ.